ಬೆರಳುದ್ದದ ಕೊಂಬೆಗಳು

ನಮ್ಮ ಮನೆಗೆ ಗೀಸರ್ ಬಂದ ಕಾರಣಕ್ಕೆ ಅಪ್ಪನ ಬಲಗೈ ಹೋಗುವುದರಲ್ಲಿತ್ತು. ಹೀಗೆ ಹೇಳಿದರೆ ಕೇಳಿದವರು ಕರೆಂಟ್ ಹೊಡೆದಿರಬೇಕು ಅಂದುಕೊಳ್ಳುತ್ತಾರೆ. ಕರೆಂಟ್ ಏನೂ ಮಾಡಲಿಲ್ಲ, ಪಾಪ. ಮಾಡಿದ್ದು ಗೊಬ್ಬರ.

ಎಪ್ಪತ್ತರ ದಶಕ ಮುಗಿಯುವ ತನಕ ಜಯನಗರದ ನಮ್ಮ ಬಚ್ಚಲಿನಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಒಲೆ. ಹಿತ್ತಲಿನ ಸೀಬೆ, ನುಗ್ಗೆ, ದಾಸವಾಳ, ಕಾಂಪೌಂಡಿನ ಮೇಲೆ ಹಬ್ಬಿದ ಬೋಗನ್‌ವಿಲ್ಲಾ, ಗೇಟಿನ ಪಕ್ಕದ ಹೊಂಗೆ, ಯಾವುದರ ಕೊಂಬೆ ಕಡಿದರೂ ಒಣಗಿಸಿ ಆ ಒಲೆಗೆ ತುರುಕುತ್ತಿದ್ದೆವು. ಗೀಸರ್ ಬಂತು, ಒಲೆ ಆರಿತು. ಗಿಡಗಳಿಗೆ ಮಾತ್ರ ಯಾರೂ ಈ ವಿಷಯ ತಿಳಿಸಲಿಲ್ಲ. ಅವು ಎಂದಿನಂತೆ ಬೆಳೆದವು. ವರ್ಷ ತುಂಬುವಷ್ಟರಲ್ಲಿ ಮೂಲೆಯ ಕೊಂಬೆ ರಾಶಿ ಕಾಂಪೌಂಡ್ ಗೋಡೆಗಿಂತ ಎತ್ತರವಾಗಿ ಪಕ್ಕದ ಮನೆಯನ್ನು ಇಣುಕಿ ನೋಡತೊಡಗಿತು.

ಪಕ್ಕದ ಮನೆಯವರು ರಿಟೈರಾದ ಹೆಡ್‌ಮಾಸ್ಟರು. ಬೆಳಿಗ್ಗೆ ಪೇಪರ್ ಓದಿ ಮುಗಿದ ಮೇಲೆ ಅವರಿಗೆ ನಮ್ಮ ಹಿತ್ತಲೇ ಪೇಪರು. ಒಂದು ದಿನ ರಾಶಿಯನ್ನು ನೋಡಿ ಅಪ್ಪನನ್ನು ಕೇಳಿದರು.

“ಏನ್ ಸಾರ್, ಇಷ್ಟೊಂದು ಸೌದೆ ಜೋಡಿಸಿದೀರಿ. ಯಾರನ್ನ ಕಳಿಸೋ ಪ್ಲ್ಯಾನು?”

“ನಾವು ಲಿಂಗವಂತರು ಸಾರ್. ಸುಡಲ್ಲ, ಹೂಳ್ತೀವಿ,” ಅಂದರು ಅಪ್ಪ. “ಇದನ್ನೂ ಹೂಳ್ತೀನಿ. ನೋಡ್ತಾ ಇರಿ.”

ಅದು ಸುಮ್ಮನೆ ಬಾಯಿಗೆ ಬಂದ ಮಾತು. ಆದರೆ ತಮ್ಮ ಬಾಯಿಂದ ಹೊರಟ ಮಾತಿನ ಮೇಲೆ ಅಪ್ಪನಿಗೆ ವಿಪರೀತ ಗೌರವ. ಮುಂದಿನ ಭಾನುವಾರವೇ ಗುಂಡಿ ತೋಡಿದರು. ಮೂರಡಿ ಆಳ, ಆರಡಿ ಉದ್ದ. ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಅವರದು. ಹಾಗಾಗಿ ಗುಂಡಿಯ ನಾಲ್ಕು ಮೂಲೆಯೂ ಕರಾರುವಾಕ್ಕಾಗಿ ತೊಂಬತ್ತು ಡಿಗ್ರಿ. ಅಮ್ಮ ಬಂದು ಬಗ್ಗಿ ನೋಡಿ, “ನಮ್ಮಲ್ಲಿ ಕೂರಿಸಿ ಹೂಳೋದಲ್ವಾ, ಇಷ್ಟುದ್ದ ಯಾಕ್ರೀ?” ಎಂದು ಕೇಳಿ ಒಳಗೆ ಹೋದರು.

ಮೊದಲ ಸಲ ಕೊಂಬೆಗಳನ್ನು ಇಡಿಯಾಗಿಯೇ ಹಾಕಿದರು. ಮೇಲೆ ಎಲೆ, ತರಕಾರಿ ಸಿಪ್ಪೆ ಸುರಿದು, ಸಗಣಿಯನ್ನು ನೀರಿನಲ್ಲಿ ಕಲಸಿ ಹುಯ್ದು, ಮಣ್ಣು ಮುಚ್ಚಿದರು. ನಾಲ್ಕು ತಿಂಗಳಾದ ಮೇಲೆ ತೆಗೆದರೆ ಎಲೆ, ಸಿಪ್ಪೆ ಎಲ್ಲ ಕಾಫಿಪುಡಿಯ ಹಾಗೆ ಕಪ್ಪಗೆ ಉದುರುದುರಾಗಿತ್ತು. ಕೊಂಬೆಗಳು ಮಾತ್ರ ಎಣ್ಣೆಸ್ನಾನ ಮಾಡಿ ಎದ್ದವರಂತೆ ಮೊದಲಿಗಿಂತ ಲಕ್ಷಣವಾಗಿದ್ದವು. ನುಗ್ಗೆಯ ಒಂದು ಕೊಂಬೆ ಮಣ್ಣಿನಿಂದ ತಲೆ ಹೊರಗೆ ಹಾಕಿ ಚಿಗುರಿಯೂ ಇತ್ತು.

“ಹೂತಿದ್ದು ಎದ್ದು ಬಂತಲ್ಲ ಸಾರ್,” ಅಂದರು ಹೆಡ್‌ಮಾಸ್ಟರು ಗೋಡೆಯ ಮೇಲಿಂದ.

ಅಪ್ಪ ದಿನಾ ಸಂಜೆ ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಕೇಳುತ್ತಿದ್ದರು, ನಲವತ್ತು ಅರವತ್ತರ ಸೈಟಿನ ಜಮೀನ್ದಾರರು. ಅದರಲ್ಲಿ ಯಾರೋ ಹೇಳಿದರಂತೆ: ಕಟ್ಟಿಗೆಯಂಥದ್ದು ಕೊಳೆಯಬೇಕಾದರೆ ಬೆರಳುದ್ದಕ್ಕೆ ಕತ್ತರಿಸಿ ಹಾಕಬೇಕು, ತುಂಡು ಸಣ್ಣದಾದಷ್ಟೂ ಗೊಬ್ಬರ ಬೇಗ. ಮೈಕಿನ ಮುಂದೆ ಕೂತು ಇಂಥ ಅಳತೆಗಳನ್ನು ಯೋಚಿಸದೆ ಹೇಳಬಾರದು. ಅಪ್ಪ ಎರಡು ಭಾನುವಾರ ಮಚ್ಚು ಹಿಡಿದು ಕತ್ತರಿಸಿದರು. ಕೈಯಲ್ಲಿ ಬೊಬ್ಬೆ ಎದ್ದವು, ರಾಶಿ ಅಲ್ಲಾಡಲಿಲ್ಲ. ಮೂರನೆಯ ಭಾನುವಾರ ಮನೆ ಮುಂದೆ ಎತ್ತಿನ ಗಾಡಿಯೊಂದು ನಿಂತಿತು. ಅದರ ಮೇಲೆ ಹಳೆಯ ಹುಲ್ಲು ಕತ್ತರಿಸುವ ಮಿಷನ್. ಸಾರಕ್ಕಿ ಕೆರೆಯ ಹತ್ತಿರ ಹಸು ಕಟ್ಟಿದ್ದ ಗೌಡರೊಬ್ಬರು ಕೊಟ್ಟಿಗೆ ಮುಚ್ಚುತ್ತಿದ್ದರು, ಅವರದು.

ಎದೆಯೆತ್ತರದ ಕಬ್ಬಿಣದ ಚಕ್ರ, ಅದಕ್ಕೆ ಬಿಗಿದ ಎರಡು ಬಾಗಿದ ಬ್ಲೇಡು, ತಿರುಗಿಸಲು ಒಂದು ಹಿಡಿ. ಚಕ್ರದ ಆ ಕಡೆ ದೋಣಿಯಂಥ ಉದ್ದನೆಯ ಮರದ ತೊಟ್ಟಿ, ತೊಟ್ಟಿಯ ಕೊನೆಯಲ್ಲಿ ಹಲ್ಲಿರುವ ಎರಡು ರೋಲರು. ಒಬ್ಬರು ಚಕ್ರ ತಿರುಗಿಸಬೇಕು, ಇನ್ನೊಬ್ಬರು ತೊಟ್ಟಿಯಲ್ಲಿ ಹುಲ್ಲು ತಳ್ಳಬೇಕು. ರೋಲರು ಅದನ್ನು ಕಚ್ಚಿ ಎಳೆದುಕೊಂಡು ಬ್ಲೇಡಿಗೆ ಒಪ್ಪಿಸುತ್ತದೆ.

“ಸಣ್ಣ ಕಡ್ಡಿ ಮಾತ್ರ ಕೊಡಿ ಸ್ವಾಮಿ,” ಎಂದು ಗೌಡರು ತೊಟ್ಟಿಗೆ ಅಡ್ಡವಾಗಿ ಇದ್ದಿಲಲ್ಲಿ ಗೆರೆ ಎಳೆದರು. “ಕೈ ಈ ಗೆರೆ ದಾಟ್ಬಾರ್ದು. ನೀವು ಕೊಡ್ತಾ ಇರಿ, ಮಗಳು ಮಿಷನ್ ಬಿಡ್ಲಿ.”

ಅವರು ಹೋದ ಮೇಲೆ ಅಪ್ಪ ಆ ಗೆರೆ ಸೊಟ್ಟಗಿದೆ ಎಂದು ಸ್ಕೇಲ್ ಇಟ್ಟು ಕೆಂಪು ಪೇಂಟಿನಲ್ಲಿ ತಿದ್ದಿದರು. ಮಿಷನ್‌ಗೆ ವಿಭೂತಿ ಹಚ್ಚಲು ಹೊರಟವರು ಅದರ ಹಣೆ ಯಾವ ಕಡೆ ಎಂದು ತಿಳಿಯದೆ ಚಕ್ರಕ್ಕೇ ಹಚ್ಚಿದರು. ಚಕ್ರ ಎರಡು ಸುತ್ತು ಸುತ್ತಿ ಅದನ್ನು ನನ್ನ ಮುಖಕ್ಕೆ ಹಚ್ಚಿತು.

ಆಗ ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ಕಾಲೇಜಿನ ಲ್ಯಾಬಿನಲ್ಲಿ ಫ್ಲೈವೀಲ್ ಪ್ರಯೋಗ ಮಾಡಿ ರೆಕಾರ್ಡ್ ಬುಕ್ಕಿನಲ್ಲಿ ‘ಗುಡ್’ ಅನ್ನಿಸಿಕೊಂಡಿದ್ದೆ. ಭಾರದ ಚಕ್ರ ಒಮ್ಮೆ ವೇಗ ಹಿಡಿದರೆ ಕೈ ತೆಗೆದರೂ ನಿಲ್ಲುವುದಿಲ್ಲ ಎಂಬುದನ್ನು ನಾಲ್ಕು ಪುಟ ಬರೆದು ರುಜುವಾತು ಮಾಡಿದ್ದವಳು ನಾನು. ಹಿತ್ತಲಿನಲ್ಲಿ ಇದು ಒಂದು ಸಲವೂ ನೆನಪಾಗಲಿಲ್ಲ.

ಗೌಡರ ಬಾಯಿಂದ ಬಂದ ‘ಬಿಡ್ಲಿ’ ನಮ್ಮಿಬ್ಬರ ಕೆಲಸದ ಭಾಷೆಯಾಯಿತು. ಅಪ್ಪ ಕೊಂಬೆ ಇಟ್ಟು “ಹೂಂ, ಬಿಡು,” ಅನ್ನುತ್ತಿದ್ದರು, ನಾನು ತಿರುಗಿಸುತ್ತಿದ್ದೆ. ರೋಲರು ದಪ್ಪ ಕೊಂಬೆಗೆ ತಡವರಿಸಿದಾಗ “ಬಿಡು ಬಿಡು ಬಿಡು,” ಅನ್ನುತ್ತಿದ್ದರು, ನಾನು ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದೆ. ನಿಲ್ಲಿಸಲು ನಮ್ಮಲ್ಲಿ ಶಬ್ದವೇ ಇರಲಿಲ್ಲ. ಕೊಂಬೆ ಮುಗಿದರೆ ನಾನಾಗಿಯೇ ನಿಲ್ಲಿಸುತ್ತಿದ್ದೆ. ಸೈಕಲ್ ಬಿಡುವುದು, ಮೋಟರ್ ಬಿಡುವುದು, ನಲ್ಲಿಯಲ್ಲಿ ನೀರು ಬಿಡುವುದು, ಇವೆಲ್ಲ ಶುರು ಮಾಡುವ ಕೆಲಸ. ಕೈ ಬಿಡುವುದು, ಸಿಗರೇಟು ಬಿಡುವುದು, ಹಠ ಬಿಡುವುದು, ಇವೆಲ್ಲ ನಿಲ್ಲಿಸುವ ಕೆಲಸ. ಎರಡಕ್ಕೂ ಒಂದೇ ಮಾತನ್ನಿಟ್ಟುಕೊಂಡು ಸಾವಿರಾರು ವರ್ಷದಿಂದ ಸಂಸಾರ ನಡೆಸುತ್ತಿರುವ ನಮ್ಮ ಜನದ ಧೈರ್ಯ ದೊಡ್ಡದು.

ಅದು ಡಿಸೆಂಬರ್ ತಿಂಗಳ ಭಾನುವಾರ, ಬೆಳಿಗ್ಗೆ ಒಂಬತ್ತರ ಸುಮಾರು. ಚಳಿಗೆ ಅಪ್ಪ ಕಂದು ಬಣ್ಣದ ತುಂಬುತೋಳಿನ ಸ್ವೆಟರ್ ಹಾಕಿದ್ದರು. ಅದರ ತೋಳು ಒಗೆದೊಗೆದು ಬೆರಳ ತುದಿವರೆಗೂ ಜೋತಿತ್ತು. ಅಮ್ಮ ಆ ಕಡೆ ಬಟ್ಟೆ ಒಣಹಾಕುತ್ತಿದ್ದರು.

“ರೀ, ಆ ಸ್ವೆಟರ್ ಬಿಚ್ಚಿಟ್ಟು ಮಾಡಿ.”

“ನೀನು ಚಳೀಗೆ ಹೇಳು, ಬಿಚ್ತೀನಿ.”

ಹೊಂಗೆ, ಸೀಬೆ ಮುಗಿದು ಬೋಗನ್‌ವಿಲ್ಲಾ ಬಂತು. ನೋಡಲು ಕಾಗದದಂಥ ಹೂವು, ಕೊಂಬೆಯ ತುಂಬ ಕೊಕ್ಕೆಯಂಥ ಮುಳ್ಳು. ಅಪ್ಪ ಉದ್ದನೆಯದೊಂದನ್ನು ತೊಟ್ಟಿಯಲ್ಲಿಟ್ಟು “ಬಿಡು,” ಅಂದರು. ಬಿಟ್ಟೆ. ರೋಲರು ಕೊಂಬೆಯನ್ನು ಎಳೆದುಕೊಂಡಿತು. ಕೊಂಬೆ ಸ್ವೆಟರಿನ ತೋಳನ್ನು ಎಳೆದುಕೊಂಡಿತು. ತೋಳು ಅಪ್ಪನನ್ನು ಎಳೆದುಕೊಂಡಿತು.

ಚಕ್ರ ಅಡ್ಡವಿದ್ದದ್ದರಿಂದ ನನಗೆ ಅವರ ಮುಖ ಮಾತ್ರ ಕಾಣುತ್ತಿತ್ತು. “ಬಿಡು,” ಅಂದರು. ತಿರುಗಿಸಿದೆ. “ಬಿಡು, ಬಿಡು,” ಅಂದರು. ಕೊಂಬೆ ಗಟ್ಟಿ ಇರಬೇಕು ಎಂದು ಎರಡೂ ಕೈ ಹಾಕಿ ತಿರುಗಿಸಿದೆ. ಅವರ ಮುಖದ ಬಣ್ಣ ಹೋಗುತ್ತಿರುವುದು ಕಾಣುತ್ತಿತ್ತು. ನಾನು ಅದನ್ನು ನೋಡಿದೆ. ನೋಡಿಯೂ, ನಾನು ಸಾಕಷ್ಟು ಜೋರಾಗಿ ತಿರುಗಿಸುತ್ತಿಲ್ಲ ಎಂದೇ ತಿಳಿದೆ. ಇಷ್ಟು ವರ್ಷವಾದರೂ ತರಕಾರಿ ಹೆಚ್ಚುವಾಗ, ಬಸ್ಸಿಗೆ ಕಾಯುವಾಗ, ಎಲ್ಲೆಂದರಲ್ಲಿ ಆ ಮುಖ ಬರುತ್ತದೆ. ಪ್ರತಿ ಸಲವೂ ನಾನು ತಿರುಗಿಸುತ್ತಲೇ ಇರುತ್ತೇನೆ.

“ಹೋಲ್ಡಾನ್.”

ಅದು ಅಮ್ಮನ ದನಿ. ಕೂಗಿದ್ದೂ ಅಲ್ಲ, ಕಂಡಕ್ಟರುಗಳು ಮೂಗಿನಲ್ಲಿ ಎಳೆದು ಹೇಳುವ ಹಾಗೆಯೇ ಹೇಳಿದರು. ಅಮ್ಮ ಬೊಮ್ಮನಹಳ್ಳಿಯ ಪ್ರೈಮರಿ ಸ್ಕೂಲಿಗೆ ದಿನಾ ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದವರು. ನಾನೂ ಕಾಲೇಜಿಗೆ ಬಸ್ಸಿನಲ್ಲೇ. ‘ರೈಟ್’ ಅಂದರೆ ಹೊರಡುವುದು, ‘ಹೋಲ್ಡಾನ್’ ಅಂದರೆ ನಿಲ್ಲುವುದು. ಇದಕ್ಕೆ ತಲೆ ಬೇಕಾಗಿಲ್ಲ, ಮೈಗೇ ಗೊತ್ತು. ಅಪ್ಪಟ ಕನ್ನಡದ ‘ಬಿಡು’ ಮಾಡದ ಕೆಲಸವನ್ನು ಆ ಮುರುಕು ಇಂಗ್ಲಿಷು ಮಾಡಿತು. ಹಿಡಿಯ ಮೇಲೆ ಇಡೀ ಮೈಭಾರ ಹೇರಿ ಹಿಂದಕ್ಕೆ ಜಗ್ಗಿದೆ. ಚಕ್ರ ನನ್ನನ್ನು ಒಂದು ಗೇಣು ಎಳೆದು ನಿಂತಿತು.

ಅಮ್ಮ ಒದ್ದೆ ಟವೆಲ್ ಹೆಗಲ ಮೇಲೆ ಹಾಕಿಕೊಂಡೇ ಬಂದು ತೊಟ್ಟಿಯ ಪಕ್ಕ ಬಗ್ಗಿದರು.

“ಈಗ ರಿವರ್ಸ್. ನಿಧಾನ. ಬರ್ಲಿ, ಬರ್ಲಿ, ಬರ್ಲಿ. ಹೋಲ್ಡಾನ್. ಇನ್ನು ಸ್ವಲ್ಪ ಬರ್ಲಿ.”

ಹಿಂದಕ್ಕೆ ತಿರುಗಿಸಿದಷ್ಟೂ ರೋಲರು ನುಂಗಿದ್ದನ್ನು ವಾಪಸು ಕೊಡುತ್ತಾ ಬಂತು. ಮೊದಲು ಚಿಂದಿಯಾದ ತೋಳು, ಆಮೇಲೆ ಕೈ. ಅಷ್ಟರಲ್ಲಿ ಬ್ಲೇಡಿನ ಈ ಕಡೆ ಬಿದ್ದಿದ್ದ ರಾಶಿ ನನ್ನ ಕಣ್ಣಿಗೆ ಬಿತ್ತು. ಕೊಂಬೆಯ ತುಂಡುಗಳ ನಡುವೆ ಕಂದು ಉಣ್ಣೆಯ ತುಂಡುಗಳು. ಅಮ್ಮನೂ ನೋಡಿದರು. ಕುಕ್ಕರುಗಾಲಲ್ಲಿ ಕೂತು ಅಕ್ಕಿ ಆರಿಸುವ ಹಾಗೆ ಆ ರಾಶಿಯನ್ನು ಎರಡೂ ಕೈಯಿಂದ ಹರಡಿ ಹುಡುಕಿದರು. ಉಣ್ಣೆ ಸಿಕ್ಕಿತು, ಮುಳ್ಳು ಸಿಕ್ಕಿತು. ಬೇರೇನೂ ಸಿಗಲಿಲ್ಲ. ಆಮೇಲೆ ಅಪ್ಪನ ಕೈ ಹಿಡಿದು ಬೆರಳು ಎಣಿಸಿದರು. ಎಣಿಸಿದ ಮೇಲೆ ಇನ್ನೊಮ್ಮೆ ಎಣಿಸಿದರು.

“ಐದೇ ಇರೋದು ಕಣೇ, ಎಷ್ಟು ಸಲ ಎಣಿಸಿದ್ರೂ,” ಅಂದರು ಅಪ್ಪ. ಕಿರುಬೆರಳು ಜಜ್ಜಿ ನೇರಳೆಹಣ್ಣಿನ ಬಣ್ಣವಾಗಿತ್ತು. ಅದರ ಮೇಲೆ ರೋಲರಿನ ಹಲ್ಲುಗಳು ಸಾಲಾಗಿ ಅಚ್ಚೊತ್ತಿದ್ದವು.

ಹೆಡ್‌ಮಾಸ್ಟರು ಗೋಡೆಯ ಆಚೆ ನಿಂತಿದ್ದರು. ಓಡಿಹೋಗಿ ಆಟೋ ಕರೆದುಕೊಂಡು ಬಂದರು.

ಡಾಕ್ಟರ ಷಾಪಿನಲ್ಲಿ ಇಂಜೆಕ್ಷನ್ ಮುಗಿಸಿ, ಕಿರುಬೆರಳಿಗೆ ಪಟ್ಟಿ ಸುತ್ತಿಸಿಕೊಂಡು ಬಂದ ಅಪ್ಪ ನೇರ ಮೇಜಿನ ಹತ್ತಿರ ಹೋಗಿ ನನ್ನ ರೆಕಾರ್ಡ್ ಬುಕ್ಕಿನ ಹಿಂದಿನ ಖಾಲಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ಒಂದು ಗೆರೆ ಎಳೆದರು. ನಾನೂ ಅಮ್ಮನೂ ಹಿಂದೆ ನಿಂತು ನೋಡುತ್ತಿದ್ದೆವು. ಆ ಕೈಯೇ ಅವರ ಕೆಲಸ. ರಿಟೈರಾಗಲು ಇನ್ನೂ ಒಂಬತ್ತು ವರ್ಷವಿತ್ತು.

“ನೇರ ಇದೆಯಾ?” ಎಂದು ಅಮ್ಮ ಕೇಳಿದರು.

“ಇಲ್ಲ,” ಅಂದರು ಅಪ್ಪ, ಹಾಳೆಯನ್ನು ಅತ್ತಿತ್ತ ತಿರುಗಿಸಿ ನೋಡುತ್ತಾ. “ಮೊದ್ಲೂ ಇರ್ಲಿಲ್ಲ ಅಂತ ಕಾಣತ್ತೆ. ಸ್ಕೇಲ್ ಇಲ್ದೆ ಯಾವತ್ತು ಎಳ್ದಿದ್ದೆ?”

ಅಮ್ಮ ನಕ್ಕರು, ನಗುತ್ತಲೇ ಅಡುಗೆಮನೆಗೆ ಹೋಗಿ ಅತ್ತರು. ನನಗೆ ಎರಡೂ ಬರಲಿಲ್ಲ.

ಮಿಷನ್ ಗೊಟ್ಟಿಗೆರೆಯಲ್ಲಿ ಹಸು ಕಟ್ಟಿದ್ದವರೊಬ್ಬರ ಪಾಲಾಯಿತು. ಉಳಿದ ಕೊಂಬೆಗಳನ್ನು ಅಪ್ಪ ಗುಂಡಿಯ ತಳಕ್ಕೆ ಇಡಿಯಾಗಿ ಹಾಕಿ, ಸಗಣಿ ನೀರು ಹುಯ್ದು, ಗೆದ್ದಲು ಮತ್ತು ದೇವರಿಗೆ ಬಿಟ್ಟರು. ಇಬ್ಬರೂ ಸೇರಿ ಮೂರು ವರ್ಷ ತೆಗೆದುಕೊಂಡರು. ನಾಲ್ಕನೆಯ ವರ್ಷ ಆ ಜಾಗದಲ್ಲಿ ಬೆಳೆದ ಬದನೆಕಾಯಿಯನ್ನು ಹೆಡ್‌ಮಾಸ್ಟರ ಮನೆಗೂ ಕೊಟ್ಟೆವು.

ಬಹಳ ಕಾಲ ಆ ಬೆಳಗಿನ ಬಗ್ಗೆ ಅಪ್ಪನೂ ನಾನೂ ಮಾತೆತ್ತಲಿಲ್ಲ. ಎಂ.ಎಸ್ಸಿ. ಮುಗಿಸಿ ನಾನು ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಅಪ್ಪನೇ ಕೇಳಿದರು.

“ಅವತ್ತು ನಾನು ಬಿಡು ಬಿಡು ಅಂತ ಬಡ್ಕೊಂಡ್ರೂ ಯಾಕೆ ತಿರುಗಿಸ್ತಿದ್ದೆ?”

“ನೀವು ಬಿಡು ಅಂದ್ರಲ್ಲಪ್ಪಾ, ಅದಕ್ಕೇ.”

ಅವರು ‘ಬಿಡು’ ಎಂದು ತಮ್ಮಷ್ಟಕ್ಕೇ ಒಮ್ಮೆ ಹೇಳಿ ನೋಡಿಕೊಂಡರು. ಆಮೇಲೆ ಅರ್ಥವಾಯಿತು. ತೊಡೆ ತಟ್ಟಿಕೊಂಡು ನಕ್ಕರು. “ಪಾಪ, ಹೇಳಿದ ಮಾತು ಕೇಳಿದೀಯ. ಹುಟ್ಟಿದಾಗಿಂದ ಅದೊಂದು ಸಲ.”

“ಮೂರು ಸುತ್ತು ತಿರುಗಿಸ್ದೆ ನಾನು.”

“ಎರಡು,” ಅಂದರು.

ಆಮೇಲೆ ಯಾರ ಮುಂದೆ ಈ ಕತೆ ಹೇಳಿದಾಗಲೂ ಅಪ್ಪ ಎರಡೇ ಸುತ್ತು ಅಂತಲೇ ಹೇಳುತ್ತಿದ್ದರು. ಒಳಗೆ ಸಿಕ್ಕಿದ್ದು ಅವರ ಕೈ, ಅವರಿಗೇ ಸರಿಯಾಗಿ ಗೊತ್ತಿರಬೇಕು ಎಂದು ಕೇಳಿದವರು ನಂಬುತ್ತಿದ್ದರು. ನಾನು ಎದುರಾಡುತ್ತಿರಲಿಲ್ಲ. ಚಕ್ರದ ಹಿಡಿ ಇದ್ದದ್ದು ನನ್ನ ಕೈಯಲ್ಲಿ. ಮೂರು.