ದುರ್ಗಪ್ಪ ಟಿಕೆಟ್ ಕೊಡುತ್ತಿದ್ದ ಸ್ಟೇಷನ್

ಕಿತ್ತೂರು ಸೀಮೆಯ ಅಂಚಿನ ಕಲ್ಲಗುಡಿಯಲ್ಲಿ ರೈಲು ನಿಲ್ಲುತ್ತಿತ್ತು ಎಂದರೆ ಈಗಿನ ಹುಡುಗರು ನಗುತ್ತಾರೆ. ನಗಲಿ. ತೊಂಬತ್ತೆರಡರಿಂದ ಆರು ವರ್ಷ ಅಲ್ಲಿ ಟಿಕೆಟ್ ಕೊಟ್ಟವನು ಕೆಳಗಿನ ಕೇರಿಯ ದುರ್ಗಪ್ಪ. ಸರ್ಕಾರಿ ನೌಕರನಲ್ಲ, ಹಾಲ್ಟ್ ಏಜೆಂಟ್. ಮಾರಿದ ಟಿಕೆಟ್ಟಿಗೆ ಕಮಿಷನ್, ಅಷ್ಟೇ. ಆದರೂ ದಿನಾ ಪ್ಲಾಟ್‌ಫಾರ್ಮ್ ಗುಡಿಸಿ, ಇಸ್ತ್ರಿ ಅಂಗಿ ತೊಟ್ಟು, ಕಿಟಕಿಯ ಹಿಂದೆ ಠೀವಿಯಿಂದ ಕೂರುತ್ತಿದ್ದ.

ರೈಲು ಹತ್ತುವವರು ನಲವತ್ತು ಮಂದಿ, ಟಿಕೆಟ್ ಕೊಳ್ಳುವವರು ಹತ್ತು. ಆ ಹತ್ತೂ ಅವನ ಕೇರಿಯವರೇ. ಮೇಲಿನ ಓಣಿಯ ಹೊಲಮನೆ ಉಳ್ಳವರು, ಅಂಗಡಿಯವರು ಕಿಟಕಿ ದಾಟಿ ನೆಟ್ಟಗೆ ಹೋಗಿ ಡಬ್ಬಿ ಹತ್ತುತ್ತಿದ್ದರು. ದುಡ್ಡಿಗೇನೂ ಬಡತನವಿರಲಿಲ್ಲ. ಆದರೆ ಕೇರಿಯವನ ಮುಂದೆ ಕೈ ಚಾಚುವುದೇ? ಟಿಕೆಟ್ ಎಲ್ಲಿ ಎಂದು ಕೇಳಲು ದುರ್ಗಪ್ಪನಿಗೂ ಬಾಯಿ ಬರಲಿಲ್ಲ. ಅದೇ ಊರಲ್ಲಿ ಬಾಳಬೇಕಲ್ಲ!

ತೊಂಬತ್ತೆಂಟರಲ್ಲಿ ಕಾಗದ ಬಂತು: ದಿನಕ್ಕೆ ಹತ್ತೇ ಟಿಕೆಟ್ ಹೋಗುವ ಸ್ಟೇಷನ್ ಮುಚ್ಚಲಾಗುವುದು. ಊರವರು ಅರ್ಜಿ ಹಾಕಿದರು. ವಿಚಾರಣೆಗೆ ಸಾಹೇಬರು ಬರುವ ಹಿಂದಿನ ದಿನ ಮೇಲಿನ ಓಣಿಯ ಹಿರಿಯ ಗಂಗಯ್ಯ ಜನ್ಮದಲ್ಲಿ ಮೊದಲ ಸಲ ಕೇರಿಗೆ ಕಾಲಿಟ್ಟ. ಹೊಸ್ತಿಲು ಮಾತ್ರ ದಾಟಲಿಲ್ಲ.

"ದುರ್ಗಪ್ಪಣ್ಣ, ಮಂದಿ ರೊಕ್ಕ ಕೊಟ್ಟಿದ್ರು, ನಾನ ಇಟ್ಕೊಂಡೆ ಅಂತ ಬರದ ಕೊಟ್ಬಿಡು. ಬ್ಯಾರೇದವನ್ನ ಹಾಕಿ ಸ್ಟೇಷನ್ ಉಳಸ್ತಾರ. ನಿನ್ನ ಮಗಳೂ ಸಾಲಿಗೆ ಇದ ಗಾಡಿಗೆ ಹೋಗ್ತಾಳಲ್ಲೋ."

ಅಣ್ಣನಂತೆ! ಆರು ವರ್ಷ ಇಲ್ಲದ ಅಣ್ಣ ಆವತ್ತು ಹುಟ್ಟಿದ. ಬೇಡ ಎನ್ನಲು ಹೆಂಡತಿ ಕಾಡವ್ವ ಬದುಕಿರಲಿಲ್ಲ. ಮಗಳು ಪೂನಮ್ ಒಂಬತ್ತನೆಯ ತರಗತಿ; ಊರಿಗೆ ಬಸ್ಸಿಲ್ಲ. ದುರ್ಗಪ್ಪ ಬರೆದುಕೊಟ್ಟ.

ಸಾಹೇಬರು ಓದಿ ಏಜೆಂಟನನ್ನೂ ತೆಗೆದರು, ಸ್ಟೇಷನ್ನನ್ನೂ ಮುಚ್ಚಿದರು. ಮರುವಾರದಿಂದ ಗಾಡಿ ಸೀಟಿ ಹೊಡೆದು ನಿಲ್ಲದೆ ಹೋಯಿತು. ಗಂಗಯ್ಯ ಓಡಾಡಲು ಸ್ವಂತ ಜೀಪು ಕೊಂಡ. ಪೂನಮಳ ಶಾಲೆ ನಿಂತಿತು. "ಸ್ಟೇಷನ್ ತಿಂದ ಕಳ್ಳ" ಎಂದು ಮೊದಲು ಅಂದವನೂ ಗಂಗಯ್ಯನೇ. ಊರಿನ ಬಾಯಿ ಮುಚ್ಚುವವರು ಯಾರು? ನಿನಗಾಗಿ ಕಳ್ಳನಾದೆ ಎಂದು ಹೇಳಿ ಮಗಳ ತಲೆಯ ಮೇಲೆ ಆ ಭಾರ ಹೊರಿಸಲು ದುರ್ಗಪ್ಪನಿಗೆ ಮನಸ್ಸಾಗಲಿಲ್ಲ. ಅವಳಿಗೂ ಹೇಳಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಸವದತ್ತಿಯ ಗಂಡನ ಮನೆಯಿಂದ ಬಂದಿದ್ದ ಪೂನಮ್ ಅಪ್ಪನಿಗೆ ರೊಟ್ಟಿ ಬಡಿಸಿ ಎದುರಿಗೆ ಕುಳಿತಳು. ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ಸಿಟ್ಟಿಲ್ಲದೆ ಕೇಳಿದಳು:

"ಅಪ್ಪಾ, ಅಷ್ಟ್ ರೊಕ್ಕ ತಿಂದಿಯಲ್ಲ, ನನ್ನ ಸಾಲಿಗೆ ಒಂದೀಟರ ತಗದ ಇಡಬಾರದಿತ್ತೇನ?"