ಪಾಳಿಯಲ್ಲಿ ನಿಂತ ಸ್ಟೀಲ್ ಡಬ್ಬಿ

ಎದುರಿಗೇ ನಿಂತಿದ್ದಾಗ ಸುಮ್ಮನಿದ್ದ ಹಾಲು, ತುಳಸಿಗೆ ನೀರು ಹಾಕಲು ಬಾಲ್ಕನಿಗೆ ಹೋದ ಗಳಿಗೆಯಲ್ಲೇ ಉಕ್ಕಿತು. ದಿನಾಲೂ ಹೀಗೆಯೇ. ಒಲೆ ಒರೆಸಿದೆ, ಟಿಫಿನ್ ಕಟ್ಟಿದೆ. ಯಜಮಾನರು ಒಳಗೇನಿದೆ ಎಂದು ಕೇಳಿ, ಸೋರೆಕಾಯಿ ಎಂದು ತಿಳಿದು, ಕೇಳಬಾರದಿತ್ತು ಎಂಬ ಮುಖ ಮಾಡಿಕೊಂಡು ಆಫೀಸಿಗೆ ಹೋದರು. ಆಮೇಲೆ ಅತ್ತೆಯವರ ಮುಂದೆ ಗಂಜಿಯ ಬಟ್ಟಲಿಟ್ಟೆ. ಅವರು ಅದನ್ನು ಒಂದೇ ಬೆರಳಿನಿಂದ ನನ್ನ ಕಡೆಗೆ ಸರಿಸಿದರು.

ಹಲ್ಲಿನ ಚಿಕಿತ್ಸೆಗೆಂದು ವಿಜಯಪುರದ ಕಡೆಯಿಂದ ಮರಾಠಿ ಸೀಮೆಯ ವಾಕಡದ ನಮ್ಮ ಮನೆಗೆ ಬಂದವರು ಅವರು. ಡಾಕ್ಟರು ಉಳಿದಿದ್ದ ಹಲ್ಲನ್ನೆಲ್ಲ ಕಿತ್ತು, ಒಸಡು ಮಾಯುವವರೆಗೆ ಹೊಸ ಸೆಟ್ಟು ಕೂಡಿಸುವಂತಿಲ್ಲ ಎಂದಿದ್ದರು. ಕಟಕಟಿ ಸಜ್ಜೆ ರೊಟ್ಟಿಯನ್ನು ಶೇಂಗಾ ಹಿಂಡಿಯ ಜೊತೆ ಮುರಿದು ತಿನ್ನುತ್ತಿದ್ದ ಬಾಯಿಗೆ ಗಂಜಿ ಎಂದರೆ ಅವಮಾನ. ಬರಬರುತ್ತ ಅವರು ಊಟವನ್ನೇ ಬಿಟ್ಟುಬಿಟ್ಟಿದ್ದರು. ಆ ದಿನ ನೋಡುತ್ತೇನೆ, ರವಿಕೆಯ ಎರಡೂ ತೋಳಿಗೆ ಪಿನ್ನು ಬಂದಿವೆ, ಬಳೆಗಳು ಮೊಣಕೈವರೆಗೂ ಆರಾಮಾಗಿ ಓಡಾಡುತ್ತಿವೆ. ನನಗೆ ಹೆದರಿಕೆಯಾಯಿತು.

ನಮ್ಮ ಸೊಸೈಟಿಯ ಗೇಟಿನೆದುರು ಒಂದು ಅಂಗಡಿಯಾಗಿದೆ, ಚೀನಾದವರ ಸಿಹಿ ಸೂಪು ಸಿಗುತ್ತದೆ, ಅಗಿಯುವ ಕೆಲಸವೇ ಇಲ್ಲ ಎಂದು ಎದುರು ಮನೆಯ ಸೋಲಾಪುರದವರು ಹೇಳಿದ್ದರು. ಹಾಂಗ್‌ಕಾಂಗಿನಲ್ಲಿ ಬಹಳ ವರ್ಷವಿದ್ದು ಬಂದ ಮರಾಠಿ ಗಂಡ ಹೆಂಡತಿ ನಡೆಸುವ ಅಂಗಡಿ. ಮುಂಜಾನೆ ಸ್ವಲ್ಪ, ಸಂಜೆ ಸ್ವಲ್ಪ ಮಾಡುತ್ತಾರೆ, ಮುಗಿದರೆ ಮುಗಿಯಿತು. ಅತ್ತೆಯವರು ಅದಕ್ಕೆ ಆಗಲೇ ‘ಚೀನಾದವರ ಗಂಜಿ’ ಎಂದು ಹೆಸರಿಟ್ಟಾಗಿತ್ತು. ಬರೀ ನೋಡಿ ಬರೋಣ ಎಂದು ಹೊರಡಿಸಿದೆ. ಕಾಗದದ ಬಟ್ಟಲನ್ನು ನಂಬದ ಅವರು ಸ್ಟೀಲ್ ಡಬ್ಬಿ ಹಿಡಿದುಕೊಂಡೇ ಬಂದರು.

ಬಾಗಿಲು ತೆರೆಯುವ ಮೊದಲೇ ಫುಟ್‌ಪಾತಿನಲ್ಲಿ ಸಾಲಿತ್ತು. ಬಹುತೇಕ ಕೊರಳಲ್ಲಿ ಐಡಿ ಕಾರ್ಡು ತೂಗುಹಾಕಿಕೊಂಡ ಹುಡುಗ ಹುಡುಗಿಯರು. ಸಾಲು ಎಂದರೆ ನನಗೆ ಕಾನ್ವೆಂಟಿನ ಸಿಸ್ಟರ್ ನೆನಪಾಗುತ್ತಾರೆ. ಒಂದು ಕೈ ಅಂತರ, ಬಾಯಿ ಮೇಲೆ ಬೆರಳು. ಇವತ್ತಿಗೂ ಬ್ಯಾಂಕಿನಲ್ಲಿ ನಿಂತಾಗ ನನ್ನ ಬೆರಳು ತಾನಾಗಿ ತುಟಿಗೆ ಹೋಗುತ್ತದೆ. ಅತ್ತೆಯವರು ಕಲಿತ ಶಾಲೆ ಮಾತ್ರ ಓಣಿಯ ನಲ್ಲಿ. ಅಲ್ಲಿ ಪಾಳಿಗೆ ನಿಲ್ಲುವುದು ಕೊಡ, ಮನುಷ್ಯರಲ್ಲ. ಅವರು ಸ್ವಲ್ಪ ಹೊತ್ತು ನಿಂತರು, ಮುಂದಿದ್ದ ಹುಡುಗನ ಬೂಟಿನ ಹಿಂದೆ ಡಬ್ಬಿಯನ್ನು ಕುಕ್ಕಿದರು, ಹೋಗಿ ನೆರಳಿನಲ್ಲಿದ್ದ ಕಟ್ಟೆಯ ಮೇಲೆ ಕುಳಿತರು. ಡಬ್ಬಿಯ ಹಿಂದೆ ನಾನು ಉಳಿದೆ.

ಹೆಡ್‌ಫೋನು ಹಾಕಿಕೊಂಡ ಒಬ್ಬ ಬಂದು ಡಬ್ಬಿಯ ಮುಂದೆ ನಿಂತ. ಕಟ್ಟೆಯ ಮೇಲಿಂದ ಅತ್ತೆಯವರ ದನಿ ಬಂತು.

“ಏ ತಮ್ಮಾ, ಹಿಂದಕ ಸರಿ. ಆ ಡಬ್ಬಿ ನಿನಕಿಂತ ಮೊದಲ ಬಂದೈತಿ.”

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಹೆಡ್‌ಫೋನು ತೆಗೆದು, ಡಬ್ಬಿಗೆ ಸಾರಿ ಹೇಳಿ, ಅದರ ಹಿಂದೆ, ನನ್ನ ಹಿಂದೆ ಹೋಗಿ ನಿಂತ. ಇದನ್ನೆಲ್ಲ ನೋಡುತ್ತಿದ್ದ ಹುಡುಗಿಯೊಬ್ಬಳು ತನ್ನ ಹೆಲ್ಮೆಟ್ಟನ್ನು ನೆಲಕ್ಕಿಟ್ಟು ನೆರಳಿಗೆ ನಡೆದಳು. ಆಮೇಲೆ ಒಂದು ಲ್ಯಾಪ್‌ಟಾಪ್ ಚೀಲ, ಒಂದು ನೀರಿನ ಬಾಟಲಿ, ಒಂದು ಛತ್ರಿ. ನೋಡನೋಡುತ್ತಿದ್ದಂತೆ ಕಟ್ಟೆಯ ಮೇಲೆ ಜಾಗವಿಲ್ಲದಂತಾಯಿತು. ಅಂಗಡಿಯಾಕೆ ಬಾಗಿಲು ತೆರೆದಾಗ ಅಷ್ಟು ಸಾಮಾನಿನ ನಡುವೆ ಡಬ್ಬಿಯಿಂದ ಒಂದು ಕೈ ಅಂತರ ಬಿಟ್ಟು ಬಿಸಿಲಿನಲ್ಲಿ ನಿಂತಿದ್ದವಳು ನಾನೊಬ್ಬಳೇ. ಆಕೆ ನನ್ನನ್ನು ಬಹಳ ಕನಿಕರದಿಂದ ನೋಡಿದಳು.

ಕರಿ ಎಳ್ಳಿನದು ಒಳ್ಳೆಯದು, ಹಿರಿಯರಿಗೆ ಶಕ್ತಿ ಬರುತ್ತದೆ ಎಂದು ಆಕೆಯೇ ಒಂದು ಬಟ್ಟಲು ಮುಂದಿಟ್ಟಳು. ಅತ್ತೆಯವರು ಆ ಕರ್ರಗಿನ, ಮಿರುಗುವ ದ್ರವವನ್ನು ನೋಡಿದರು, ನನ್ನನ್ನು ನೋಡಿದರು.

“ಎಳ್ಳು ನೀರು ಬಿಡಾಕ ಇಷ್ಟ್ ಅವಸರ ಯಾಕವ್ವ? ನಾ ಇನ್ನ ಜೀವಂತ ಅದೀನಿ.”

ಎಳ್ಳು ಇವರಿಗೆ ಆಗಿಬರುವುದಿಲ್ಲವಂತೆ ಎಂದು ನಾನು ಮರಾಠಿಯಲ್ಲಿ ಸೌಮ್ಯವಾಗಿ ಅನುವಾದಿಸಿದೆ. ಎಳ್ಳಿನ ಬಟ್ಟಲು ನನ್ನ ಪಾಲಿಗೆ ಬಂತು. ಚೆನ್ನಾಗಿಯೇ ಇತ್ತು, ಆದರೆ ಅತ್ತೆಯವರು ಹಾಗೆ ನೋಡುತ್ತಿರುವಾಗ ಕುಡಿಯುವುದು ಕಷ್ಟ. ಅವರಿಗೆ ಹೆಸರುಕಾಳಿನದು ಬಂತು. ಬೆಂದು ಕರಗಿದ ಕಾಳು, ಕಲ್ಲುಸಕ್ಕರೆ, ಬಿಸಿ. ಮೂಸಿ ನೋಡಿದರು. ಹಲ್ಲು ಹೋದ ಮೇಲೂ ಸೊಂಟದಿಂದ ಇಳಿಯದ ಎಲೆಯಡಿಕೆಯ ಸಂಚಿ ಬಿಚ್ಚಿ, ಏಲಕ್ಕಿ ತೆಗೆದು, ಡಬ್ಬಿಯ ಬುಡದಿಂದ ಕೌಂಟರಿನ ಮೇಲೇ ಕುಟ್ಟಿ ಉದುರಿಸಿಕೊಂಡರು. ನಾನು ಚಮಚವನ್ನೇ ನೋಡುತ್ತಿದ್ದೆ. ಅದು ಹೋಯಿತು, ಬಂತು, ಮತ್ತೆ ಹೋಯಿತು. ಕೊನೆಗೆ ಬಟ್ಟಲು ಖಾಲಿಯಾಯಿತು.

ಹೇಗಿತ್ತು ಎಂದು ಕೇಳಿದೆ. ಹೆಸರಿನ ಪಾಯಸಕ್ಕೆ ಏಲಕ್ಕಿ ಹಾಕದ ಮಂದಿ ಇನ್ನೇನು ಮಾಡಿಯಾರು, ನಡಿ ಬಿಸಿಲಾಯಿತು ಎಂದರು. ಮನೆಗೆ ಒಯ್ಯೋಣವೇ ಎಂದರೆ ಬೇಡ. ಡಬ್ಬಿ ಖಾಲಿಯೇ ಮರಳಿತು. ಮಧ್ಯಾಹ್ನ ಗಂಜಿಯ ಬಟ್ಟಲು ಮತ್ತೆ ನನ್ನ ಕಡೆಗೆ ಸರಿದು ಬಂತು. ಬೆಳಿಗ್ಗೆ ಕುಡಿದದ್ದು ನನ್ನ ಮುಖ ನೋಡಿಯೋ ಏನೋ, ನಾಳೆಗೆ ಇನ್ನೇನು ಹುಡುಕಲಿ ಎಂದು ನನಗೆ ಚಿಂತೆ.

ಸಂಜೆ ದೇವರ ದೀಪ ಹಚ್ಚಿ ಈಚೆ ಬಂದರೆ ಅತ್ತೆಯವರು ಮನೆಯಲ್ಲಿಲ್ಲ. ಬಂದಾಗಿನಿಂದ ಒಬ್ಬರೇ ಲಿಫ್ಟು ಹತ್ತಿದವರಲ್ಲ. ಚಪ್ಪಲಿ ಇಲ್ಲ, ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ಡಬ್ಬಿಯ ಜಾಗವೂ ಖಾಲಿ. ಗಾಬರಿಯಿಂದ ಬಾಗಿಲು ತೆರೆದಾಗ ಸೋಲಾಪುರದವರು ತಮ್ಮ ಮನೆಯ ಬೀಗ ತೆಗೆಯುತ್ತಿದ್ದರು. ಅತ್ತೆಯವರನ್ನು ಕಂಡಿರಾ ಎಂದು ಕೇಳಿದೆ. ಅವರು ಬೀಗದಿಂದ ಕಣ್ಣು ಕೂಡ ಎತ್ತಲಿಲ್ಲ.

“ಕೆಳಗ ಆ ಅಂಗಡಿ ಕಟ್ಟಿ ಮ್ಯಾಲ ಕುಂತಾರಲ್ರಿ, ಡಬ್ಬಿ ಪಾಳಿಗಿಟ್ಟು. ನನ್ನ ಕಾಯಿಪಲ್ಲೆ ಚೀಲಾನೂ ಅದರ ಹಿಂದ ಇಡು ಅಂದ್ರು. ನನಗೇನೂ ಬೇಕಾಗಿರಲಿಲ್ಲ, ಆದರೂ ಇಟ್ಟು ಬಂದೀನಿ.”