ಮಹಾಲಿಂಗಪ್ಪ ಸರ್ ಬರೆದ ಎರಡು ಪತ್ರ

ಶಿಗ್ಗಾಂವಿಯ ನಮ್ಮ ಪಿಯು ಕಾಲೇಜಿನಲ್ಲಿ ಮಹಾಲಿಂಗಪ್ಪ ಸರ್ ಇಪ್ಪತ್ತೆರಡು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದಾರೆ. ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿ ನನ್ನದು; ನಾನು ನೀಲಾ, ಕನ್ನಡ ಕಲಿಸುವವಳು. ಸರ್ ತಿಳವಳ್ಳಿ ಕಡೆಯ ರೈತರ ಮನೆಯವರು, ಪಾಠದಲ್ಲಿ ಹುಲಿ. ತಪ್ಪು ಒಪ್ಪಿಕೊಳ್ಳುವುದರಲ್ಲಿ ಮಾತ್ರ, ಮುಲಾಜಿಲ್ಲದೆ ಹೇಳುತ್ತೇನೆ, ಮಹಾ ಜಿಪುಣ.

ನಡತೆ ಪ್ರಮಾಣಪತ್ರ ಬೇಕೆಂದರೆ ಹುಡುಗರು ಅವರ ಹತ್ತಿರವೇ ಹೋಗುತ್ತಿದ್ದರು. ಎಲ್ಲರಿಗೂ ಒಂದೇ ಸಾಲು: ವಿಧೇಯ ವಿದ್ಯಾರ್ಥಿ, ನಡತೆ ಉತ್ತಮ. ಗೋಡೆ ಹಾರಿ ಸಿನೆಮಾಕ್ಕೆ ಓಡುತ್ತಿದ್ದ ವಸೀಮನಿಗೂ ಅದೇ ಸಾಲು ಸಿಕ್ಕಿತ್ತು.

ಹೋದ ವರ್ಷ ನಮ್ಮ ವಿದ್ಯಾರ್ಥಿನಿ, ಹಿರೇಬೆಂಡಿಗೇರಿಯ ಅಂಕಿತಾ ಬೆಂಗಳೂರಿನಾಚೆಯ ಒಂದು ವಿಜ್ಞಾನ ಕಾಲೇಜಿಗೆ ಅರ್ಜಿ ಹಾಕಿದಳು. ನಲವತ್ತು ಸೀಟು, ಒಂಬತ್ತು ಸಾವಿರ ಅರ್ಜಿ. ಪರೀಕ್ಷೆ ಬರೆಸಿ ನಾನೂರು ಜನರನ್ನು ಉಳಿಸಿಕೊಳ್ಳುತ್ತಾರೆ. ಅಲ್ಲಿಗೆ ಅಂಕದ ಕೆಲಸ ಮುಗಿಯಿತು. ಆಮೇಲೆ ವಿದ್ಯಾರ್ಥಿ ತನ್ನ ಬಗ್ಗೆ ಬರೆದದ್ದನ್ನೂ ಕಲಿಸಿದವರು ಬರೆದದ್ದನ್ನೂ ಇಬ್ಬಿಬ್ಬರು ಕೂತು ಓದುತ್ತಾರೆ. ಅಂಕಿತಾ ನಾನೂರರೊಳಗೆ ಬಂದಳು. ಸರ್ ತುಂಬಬೇಕಾದ ಫಾರ್ಮು ಅವರ ಮೇಲ್‌ಗೆ ಬಂತು. ಅದರಲ್ಲೊಂದು ಪ್ರಶ್ನೆ: ಈ ವಿದ್ಯಾರ್ಥಿ ನಿಮ್ಮ ಮಾತನ್ನು ಒಪ್ಪದ ಒಂದು ಸಂದರ್ಭ ವಿವರಿಸಿ.

"ಇದೆಂಥಾ ಪ್ರಶ್ನೆರಿ ಮೇಡಮ್ಮರ? ಮಾಸ್ತರಗ ಎದುರು ಮಾತಾಡ್ಯಾಳ ಅಂತ ಬರದ್ರ ಆಕಿಗೆ ಯಾರು ಸೀಟ್ ಕೊಡ್ತಾರ?" ಎಂದರು ಸರ್.

ಆ ಸಂದರ್ಭ ನನಗೂ ಗೊತ್ತಿತ್ತು, ಇಡೀ ಕಾಲೇಜಿಗೆ ಗೊತ್ತಿತ್ತು. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ ಭೂಮಿಯ ಸೆಳೆತ ಅಳೆಯುವ ಪ್ರಯೋಗ. ಉತ್ತರ ಒಂಬತ್ತು ಪಾಯಿಂಟ್ ಎಂಟು ಬರಬೇಕು. ಹಿಂದಿನ ವರ್ಷದವರ ಪುಸ್ತಕ ನೋಡಿ ಎಲ್ಲರೂ ಅದನ್ನೇ ಬರೆಯುತ್ತಿದ್ದರು, ಸರ್ ಸಹಿ ಹಾಕುತ್ತಿದ್ದರು. ಅಂಕಿತಾ ತನಗೆ ಬಂದದ್ದನ್ನು ಬರೆದಳು: ಹತ್ತು. "ನಿನ್ನ ಸಲುವಾಗಿ ಭೂಮಿ ಬ್ಯಾರೆ ಜಗ್ಗತೈತೇನು?" ಎಂದು ಸರ್ ಕೆಂಪು ಗೆರೆ ಎಳೆದರು. ಅವಳು ತಿದ್ದಲಿಲ್ಲ. ಒಂದು ವಾರ ಲ್ಯಾಬಿನ ಹೊರಗೆ ನಿಲ್ಲಿಸಿದರು. ವಾರದ ಕೊನೆಗೆ ಅವಳು ತನ್ನ ಪ್ಲಾಸ್ಟಿಕ್ ಸ್ಕೇಲನ್ನು ಲ್ಯಾಬಿನ ಮರದ ಸ್ಕೇಲಿನ ಪಕ್ಕ ಇಟ್ಟು ತೋರಿಸಿದಳು. ಮರದ್ದರ ತುದಿ ಸವೆದು ಒಂದು ಸೆಂಟಿಮೀಟರು ಮಾಯವಾಗಿತ್ತು. ಯಾವ ಕಾಲದಿಂದಲೋ. ಅದರಲ್ಲಿ ದಾರ ಅಳೆದರೆ ಯಾರಿಗಾದರೂ ಹತ್ತೇ ಬರಬೇಕಿತ್ತು.

"ಆ ಸ್ಕೇಲಿಂದು ಬರೀರಿ" ಎಂದೆ.

"ಬ್ಯಾಡ್ರಿ. ಹುಡುಗಿ ಹೆಸರು ಕೆಡತೈತಿ."

"ಹುಡುಗಿದೋ ನಿಮ್ಮದೋ?"

ಸರ್ ಫಾರ್ಮಿನ ಕಡೆ ತಿರುಗಿದರು. ಅಂಥ ಸಂದರ್ಭ ಬಂದಿಲ್ಲ, ವಿಧೇಯ ವಿದ್ಯಾರ್ಥಿನಿ ಎಂದು ಬರೆದು ಕಳಿಸಿಯೇಬಿಟ್ಟರು. ಅವರು ಅವಳಿಗೆ ಒಳ್ಳೆಯದನ್ನೇ ಬಯಸಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ನಾನು ಹಟ ಹಿಡಿಯಬೇಕಿತ್ತು. ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆ. ಅದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮೂರು ವಾರದ ನಂತರ ಆ ಕಾಲೇಜಿನ ಪ್ರವೇಶ ವಿಭಾಗದ ಹೆಣ್ಣುಮಗಳೊಬ್ಬಳ ಫೋನು ಬಂತು. ಕಿವಿ ಸ್ವಲ್ಪ ಮಂದವಾದ್ದರಿಂದ ಸರ್ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಸ್ಟಾಫ್ ರೂಮಿನಲ್ಲಿ ಆರು ಜನ ಇದ್ದೆವು.

"ಸರ್, ಅಂಕಿತಾ ಒಂದು ಸ್ಕೇಲಿನ ವಿಷಯ ಬರೆದಿದ್ದಾಳೆ. ನಿಮ್ಮ ಜೊತೆ ಭಿನ್ನಾಭಿಪ್ರಾಯ ಆಯಿತು ಅಂತ. ಅಂಥದ್ದು ನಡೆದೇ ಇಲ್ಲ ಅಂತ ನೀವು ಬರೆದಿದ್ದೀರಿ. ಓದಿದ ಇಬ್ಬರಲ್ಲಿ ಒಬ್ಬರು, ಹುಡುಗಿ ಕಥೆ ಕಟ್ಟಿದ್ದಾಳೆ ಅಂತ ಟಿಪ್ಪಣಿ ಹಾಕಿದ್ದಾರೆ. ನಾಳೆ ಸಮಿತಿ ಕೂರುತ್ತೆ."

ಸರ್ ಎದ್ದರು, ಕೂತರು, ಮತ್ತೆ ಎದ್ದರು. ಸ್ಪೀಕರ್ ಆರಿಸಲು ಬೆರಳು ಫೋನಿನ ತನಕ ಹೋಯಿತು. ಆರಿಸಲಿಲ್ಲ.

"ಹುಡುಗಿ ಬರದದ್ದು ಖರೆ ಐತ್ರಿ. ಸುಳ್ಳು ನಂದು."

ಅದನ್ನೇ ಸಂಜೆಯೊಳಗೆ ಬರೆದು ಕಳಿಸಿ ಎಂದಳು ಆಕೆ. ಸರ್ ಎರಡು ಪೀರಿಯಡ್ ಬಿಟ್ಟು ಕೂತು ಬರೆದರು. ಇಷ್ಟು ವರ್ಷ ನೋಡಿ ಬರೆದ ಉತ್ತರಕ್ಕೆ ಸಹಿ ಹಾಕಿದೆ, ಕಂಡದ್ದನ್ನು ಬರೆದ ಒಬ್ಬಳನ್ನು ಹೊರಗೆ ನಿಲ್ಲಿಸಿದೆ ಎಂದಿತ್ತು ಅದರಲ್ಲಿ. ಓದಿ ನನ್ನ ಕಣ್ಣು ತುಂಬಿತು. ಅವರ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ.

ಆಮೇಲಿನ ಹನ್ನೆರಡು ದಿನ ಆ ಮನುಷ್ಯ ಒಂದು ಕಡೆ ನಿಲ್ಲಲಿಲ್ಲ. ಪಾಠದ ನಡುವೆ ವರಾಂಡಕ್ಕೆ ಬಂದು ಫೋನು ನೋಡುವುದು, ಡಬ್ಬಿ ಬಿಚ್ಚಿ ಊಟ ಮಾಡದೆ ಮುಚ್ಚುವುದು. ಹದಿಮೂರನೇ ದಿನ ಪಟ್ಟಿ ಬಂತು. ನಲವತ್ತರಲ್ಲಿ ಅಂಕಿತಾಳ ಹೆಸರು ಇರಲಿಲ್ಲ.

ಸರ್ ತಾವೇ ಆಕೆಗೆ ಫೋನು ಮಾಡಿದರು. "ನನ್ನ ಮೊದಲನೇ ಪತ್ರದಿಂದ ಹಿಂಗಾತೇನ್ರಿ?"

"ಕಾರಣ ನಾವು ಯಾರಿಗೂ ಹೇಳಲ್ಲ ಸರ್" ಎಂದಳು ಆಕೆ, ಮೆತ್ತಗೆ. "ಕೊನೆಗೆ ಉಳಿದ ನೂರು ಜನರಲ್ಲಿ ಯಾರನ್ನು ತಗೊಂಡಿದ್ದರೂ ತಪ್ಪಾಗುತ್ತಿರಲಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ."

ಮರುವಾರ ಅಂಕಿತಾ ಟಿ.ಸಿ. ಒಯ್ಯಲು ಬಂದಳು. ಧಾರವಾಡದಲ್ಲಿ ಬಿ.ಎಸ್ಸಿ. ಸೇರುವವಳಿದ್ದಳು. ಪತ್ರದ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಇನ್ನು ಹೇಳಿ ಏನು ಮಾಡುವುದಿದೆ, ಸುಮ್ಮನಿರಿ ಎಂದು ನಾನೇ ಸರ್‌ಗೆ ಕಣ್ಸನ್ನೆ ಮಾಡಿದೆ. ಅವರು ಕೇಳಲಿಲ್ಲ. ಅವಳನ್ನು ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಹೇಳಿದರು.

ಅವಳು ಎಲ್ಲ ಕೇಳಿಸಿಕೊಂಡಳು. ಮುಖ ಕೆಂಪಾಗಿತ್ತು.

"ಮೊದಲಿಗೇ ಖರೆ ಬರದು ಕಳಿಸಿದ್ರ ಸೀಟ್ ಸಿಗ್ತಿತ್ತೇನ್ರಿ ಸರ?"

"ಗೊತ್ತಿಲ್ಲವ್ವ."

ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದಳು.

"ನನಗೂ ಇನ್ನ ಎಂದೂ ಗೊತ್ತಾಗೂದಿಲ್ಲಲ್ರಿ" ಎಂದಳು.